ಬೋಸ್ನಿಯಾದಲ್ಲಿ ಭಾರತದ ರಾಯಭಾರ ಕಚೇರಿ ಇಲ್ಲ: ಪಾಸ್‌ಪೋರ್ಟ್, ಮಗುವಿನ ನೋಂದಣಿ, ಸೈಟಿನ ಜಿಪಿಎ ಮಾಡಿಸೋದು ಹೇಗೆ?

ಸುಮಾ_ವಿಜಯನಗರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ, ಅವನ ಹೆಂಡತಿ ಬೋಸ್ನಿಯಾದ ಸರಾಯೆವೊದಲ್ಲಿದ್ದಾರೆ. ಇಬ್ಬರೂ ಭಾರತದ ಪೌರರು, ಅಲ್ಲಿ ತಾತ್ಕಾಲಿಕ ವಾಸದ ಪರವಾನಗಿ ಇದೆ. ಅಲ್ಲಿ ನಮ್ಮ ರಾಯಭಾರ ಕಚೇರಿಯೂ ಇಲ್ಲ, ಕಾನ್ಸುಲೇಟೂ ಇಲ್ಲ. ಮೂರು ಕೆಲಸ ಒಟ್ಟಿಗೆ ಬಂದಿವೆ.

ತಮ್ಮನ ಪಾಸ್‌ಪೋರ್ಟ್ ಇನ್ನು ಐದು ತಿಂಗಳಿಗೆ ಮುಗಿಯುತ್ತದೆ. ಹೆಂಡತಿಯ ಪಾಸ್‌ಪೋರ್ಟಿಗೆ ಇನ್ನೂ ಆರು ವರ್ಷ ಇದೆ. ನಾಲ್ಕು ತಿಂಗಳ ಮಗು ಅಲ್ಲೇ ಹುಟ್ಟಿದ್ದು, ಅದಕ್ಕೆ ಯಾವ ದೇಶದ ಪಾಸ್‌ಪೋರ್ಟೂ ಇಲ್ಲ. ಇಲ್ಲಿ ತಂದೆಯವರ ನಂತರ ನಮ್ಮಿಬ್ಬರ ಹೆಸರಿಗೆ ಜಂಟಿ ಖಾತೆ ಆಗಿರುವ ಸೈಟ್ ಮಾರಬೇಕು, ಅದಕ್ಕೆ ತಮ್ಮ ನನಗೆ ಜಿಪಿಎ (ಅವನ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ) ಕೊಡಬೇಕು.

ಮೂವರೂ ಬುಡಾಪೆಸ್ಟಿಗೆ ಹೋಗಿ ಎಲ್ಲ ಒಂದೇ ಸಲ ಮುಗಿಸಿಕೊಂಡು ಬರಲಿ ಅಂತ ಯೋಚನೆ. ಅದು ಸರಿಯಾದ ದಾರಿಯಾ? ಗೊತ್ತಿರುವವರು ಕ್ರಮವಾಗಿ ಹೇಳಿದರೆ ಉಪಕಾರವಾಗುತ್ತದೆ.

---

ಬಸವನಗುಡಿ_ದಾಖಲೆ ಉತ್ತರ:

ಸುಮಾ ಅವರೇ, ಮೂವರೂ ಬುಡಾಪೆಸ್ಟಿಗೆ ಹೋಗುವ ಯೋಚನೆ ಮೊದಲು ಕೈಬಿಡಿ. ಮಗುವಿಗೆ ಪಾಸ್‌ಪೋರ್ಟೇ ಇಲ್ಲ, ಗಡಿ ದಾಟಿಸಲು ಆಗುವುದಿಲ್ಲ. ಮೂರು ಕೆಲಸಕ್ಕೂ ದಾರಿ ಬೇರೆ ಬೇರೆ. ಜಿಪಿಎಗೆ ರಾಯಭಾರ ಕಚೇರಿಯೇ ಬೇಕಿಲ್ಲ. ಮಗುವಿನ ನೋಂದಣಿ ಬಹುಪಾಲು ಕಾಗದದ ಕೆಲಸ. ಖುದ್ದಾಗಿ ಹಾಜರಾಗಬೇಕಾಗಿ ಬರುವುದು ತಮ್ಮನ ಪಾಸ್‌ಪೋರ್ಟಿಗೆ ಮಾತ್ರ, ಅವಸರ ಇರುವುದೂ ಅದಕ್ಕೇ.

ಕಚೇರಿ ಇಲ್ಲದ ದೇಶಗಳನ್ನು ವಿದೇಶಾಂಗ ಸಚಿವಾಲಯ ಬೇರೆ ದೇಶದಲ್ಲಿರುವ ನಮ್ಮ ಮಿಷನ್‌ಗೆ, ಅಂದರೆ ರಾಯಭಾರ ಕಚೇರಿ ಅಥವಾ ಹೈಕಮಿಷನ್‌ಗೆ, ಹಚ್ಚಿರುತ್ತದೆ. ಬೋಸ್ನಿಯಾ ಬುಡಾಪೆಸ್ಟಿನ ರಾಯಭಾರ ಕಚೇರಿಗೆ, ಉತ್ತರ ಮ್ಯಾಸಿಡೋನಿಯಾ ಸೋಫಿಯಾಗೆ, ಲೆಸೊಥೊ ಪ್ರಿಟೋರಿಯಾಗೆ, ಸಾಲೊಮನ್ ದ್ವೀಪಗಳು ಪೋರ್ಟ್ ಮೋರ್ಸ್ಬಿಗೆ ಸೇರುತ್ತವೆ. ನಕಾಶೆಯಲ್ಲಿ ಹತ್ತಿರ ಕಾಣುವ ಕಚೇರಿಯೇ ನಿಮ್ಮದು ಅಂತೇನಿಲ್ಲ. ಸರಾಯೆವೊಗೆ ಬೆಲ್‌ಗ್ರೇಡ್, ಜಾಗ್ರೆಬ್ ಎರಡೂ ಬುಡಾಪೆಸ್ಟಿಗಿಂತ ಹತ್ತಿರ, ಎರಡರಲ್ಲೂ ನಮ್ಮ ರಾಯಭಾರ ಕಚೇರಿ ಇದೆ. ಆದರೆ ಅಲ್ಲಿಗೆ ಹೋದರೆ ನಿಮ್ಮ ವ್ಯಾಪ್ತಿಯ ಮಿಷನ್‌ಗೆ ಬರೆದು ಉತ್ತರಕ್ಕೆ ಕಾಯುತ್ತಾರೆ, ಇಲ್ಲವೇ ಅಲ್ಲಿಗೇ ಹೋಗಿ ಎನ್ನುತ್ತಾರೆ. ಇನ್ನು ಸರ್ಬಿಯಾ ಭಾರತೀಯರಿಗೆ ವೀಸಾ ಇಲ್ಲದೆ ಬಿಡುವುದನ್ನು 2023ರ ಜನವರಿ 1ರಿಂದ ನಿಲ್ಲಿಸಿದೆ.

ಈಗ ದಿನಗಳ ಲೆಕ್ಕ. ಹಂಗೇರಿ ಷೆಂಗೆನ್ ದೇಶ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ), ರಸ್ತೆ ಮೇಲೆ ಹೋದರೆ ಮಧ್ಯೆ ಸಿಗುವ ಕ್ರೊಯೇಷಿಯಾವೂ ಷೆಂಗೆನ್. ಆ ವೀಸಾಕ್ಕೆ ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ಬಿಟ್ಟು ಹೊರಡುವ ದಿನದಿಂದ ಮುಂದಕ್ಕೆ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಅಂದರೆ ನಿಮ್ಮ ಐದು ತಿಂಗಳಲ್ಲಿ ಬಳಕೆಗೆ ಬರುವುದು ಎರಡೇ ತಿಂಗಳು. ವೀಸಾ ತೀರ್ಮಾನಕ್ಕೆ 15 ದಿನ ಎಂಬ ನಿಯಮವಿದ್ದರೂ ಹೆಚ್ಚಿನ ಪರಿಶೀಲನೆ ಎಂದರೆ 45 ದಿನದವರೆಗೆ ಎಳೆಯಬಹುದು. ಇವತ್ತೇ ಶುರು ಮಾಡಿದರೂ ಬಿಗಿ. ಇದನ್ನು ತಮ್ಮನಿಗೆ ಸ್ಪಷ್ಟವಾಗಿ ಹೇಳಿ, ಬಹಳ ಜನ ಮುಕ್ತಾಯದ ದಿನಾಂಕವನ್ನೇ ಕೊನೆಯ ಗಡುವು ಎಂದುಕೊಂಡು ಕೂತುಬಿಡುತ್ತಾರೆ.

ಮೊದಲ ಹೆಜ್ಜೆ ಬುಡಾಪೆಸ್ಟಿನ ಕಾನ್ಸುಲರ್ ವಿಭಾಗಕ್ಕೆ ಒಂದು ಇಮೇಲ್. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವಾಸದ ಪರವಾನಗಿ, ಮಗುವಿನ ಜನನ ಪತ್ರ ಇವನ್ನು ಸ್ಕ್ಯಾನ್ ಮಾಡಿ ಲಗತ್ತಿಸಬೇಕು. ಸಬ್ಜೆಕ್ಟಿನಲ್ಲೇ ಸರಾಯೆವೊ ನಿವಾಸಿ, ಪಾಸ್‌ಪೋರ್ಟ್ ಮುಗಿಯುವ ದಿನಾಂಕ ಎರಡನ್ನೂ ಹಾಕಲಿ. ಕೇಳಬೇಕಾದ್ದು ಇಷ್ಟು: ಬೋಸ್ನಿಯಾದಲ್ಲಿ ಕಾನ್ಸುಲರ್ ಕ್ಯಾಂಪ್ (ಅಧಿಕಾರಿಗಳೇ ಬಂದು ಅರ್ಜಿ ತೆಗೆದುಕೊಳ್ಳುವ ಶಿಬಿರ) ಯಾವಾಗ? ಗೌರವ ಕಾನ್ಸುಲ್ (ಭಾರತದ ಪರವಾಗಿ ನೇಮಿಸಿದ ಸ್ಥಳೀಯ ಪ್ರತಿನಿಧಿ) ಇದ್ದರೆ ಅವರಿಗೆ ಯಾವ ಕಾಗದ ದೃಢೀಕರಿಸುವ ಅಧಿಕಾರ ಕೊಟ್ಟಿದ್ದೀರಿ? ಮಗುವಿನ ಅರ್ಜಿಯನ್ನು ಕೊರಿಯರಿನಲ್ಲಿ ತೆಗೆದುಕೊಳ್ಳುತ್ತೀರಾ? ಅರ್ಜಿ ಕೊಟ್ಟಾಗ ಹಳೆಯ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತೀರಾ, ವಾಪಸ್ ಕೊಡುತ್ತೀರಾ?

ಕೊನೆಯ ಪ್ರಶ್ನೆ ಯಾಕೆ ಅಷ್ಟು ಮುಖ್ಯ ಅಂದರೆ, ಅರ್ಜಿ ಪರಿಶೀಲನೆ ಮುಗಿಯುವವರೆಗೆ ಮೂಲ ಪಾಸ್‌ಪೋರ್ಟ್ ಅಲ್ಲೇ ಉಳಿದರೆ ತಮ್ಮ ಹಂಗೇರಿಯಿಂದ ವಾಪಸ್ ಬರಲಾಗದೆ ಸಿಕ್ಕಿಕೊಳ್ಳುತ್ತಾನೆ, ವೀಸಾದ ದಿನಗಳೂ ಮುಗಿಯುತ್ತವೆ. ಮೂಲ ತೋರಿಸಿ ನಕಲು ಕೊಡುವುದು, ಹೊಸದು ತಯಾರಾದ ಮೇಲೆ ಹಳೆಯದನ್ನು ಕಳಿಸಿ ರದ್ದು ಮಾಡಿಸಿಕೊಳ್ಳುವುದು, ಈ ವ್ಯವಸ್ಥೆ ಆಗುತ್ತದೆಯೇ ಎಂದು ಬರಹದಲ್ಲೇ ಉತ್ತರ ಪಡೆಯಬೇಕು. ಬೆಂಗಳೂರಿಂದ ನೀವು ಫೋನ್ ಮಾಡುವುದಾದರೆ ಬುಡಾಪೆಸ್ಟ್ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ನಮ್ಮ ಮಧ್ಯಾಹ್ನದ ಊಟದ ನಂತರ ಅವರ ಕಚೇರಿ ಶುರು.

ಕ್ಯಾಂಪ್ ಹತ್ತಿರದಲ್ಲೇ ಇದ್ದರೆ ಅದೇ ಒಳ್ಳೆಯದು. ಅಧಿಕಾರಿಗಳೇ ಬಂದು ಅರ್ಜಿ ತೆಗೆದುಕೊಳ್ಳುತ್ತಾರೆ, ಪುಸ್ತಕ ಬುಡಾಪೆಸ್ಟಿನಿಂದ ಆಮೇಲೆ ಬರುತ್ತದೆ. ಕ್ಯಾಂಪಿಗೆ ಹೋಗುವ ಮೊದಲೇ ರಾಯಭಾರ ಕಚೇರಿಗಳ ಪಾಸ್‌ಪೋರ್ಟ್ ಸೇವಾ ಪೋರ್ಟಲಿನಲ್ಲಿ ಅರ್ಜಿ ತುಂಬಿ, ಮಿಷನ್ ಬುಡಾಪೆಸ್ಟ್ ಎಂದೇ ಆರಿಸಿ, ಪ್ರಿಂಟ್ ತೆಗೆದು ಸಹಿ ಹಾಕಿಟ್ಟುಕೊಂಡಿರಬೇಕು. ಫೋಟೊ ಅಳತೆ ಮಿಷನ್ ಹೇಳಿದ್ದೇ ಆಗಬೇಕು, ಊರಿನ ಸ್ಟುಡಿಯೊದ ಅಂದಾಜು ನಡೆಯುವುದಿಲ್ಲ. ಸಹಿಯ ಚೌಕದಲ್ಲಿ ಗೆರೆ ದಾಟಿದರೂ ಅರ್ಜಿ ವಾಪಸ್ ಬರುತ್ತದೆ.

ಕ್ಯಾಂಪ್ ಇಲ್ಲದಿದ್ದರೆ ತಮ್ಮ ಒಬ್ಬನೇ ಬುಡಾಪೆಸ್ಟಿಗೆ ಹೋಗಲಿ. ಸರಾಯೆವೊದಲ್ಲಿ ಹಂಗೇರಿಯ ರಾಯಭಾರ ಕಚೇರಿ ಇದೆ, ವೀಸಾ ಅರ್ಜಿ ಅಲ್ಲಿ. ಶುಲ್ಕ ದೊಡ್ಡವರಿಗೆ 90 ಯೂರೊ, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಪ್ರಯಾಣದ ಕಾರಣಕ್ಕೆ ನಮ್ಮ ರಾಯಭಾರ ಕಚೇರಿ ಕೊಟ್ಟ ಅಪಾಯಿಂಟ್‌ಮೆಂಟಿನ ಇಮೇಲ್, ಪಾಸ್‌ಪೋರ್ಟ್ ಅರ್ಜಿಯ ಪ್ರಿಂಟ್ ಲಗತ್ತಿಸಿ. ಪ್ರವಾಸ ಅಂತ ಬರೆಯಬೇಡಿ. ಇದ್ದದ್ದನ್ನು ಇದ್ದಹಾಗೆ ಬರೆದರೆ ಪಾಸ್‌ಪೋರ್ಟಿನ ಉಳಿದ ಅವಧಿ ಯಾಕೆ ಕಡಿಮೆ ಎಂಬುದೂ ಅವರಿಗೆ ತಿಳಿಯುತ್ತದೆ. ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸುವ ವೀಸಾ ಕೇಳಿ.

ಇನ್ನೊಂದು ದಾರಿ ತಮ್ಮ ಬೆಂಗಳೂರಿಗೇ ಬಂದು ಹೋಗುವುದು. ಇಲ್ಲಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ತತ್ಕಾಲ್ ಹಾಕಬಹುದು. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, ತತ್ಕಾಲ್‌ಗೆ ಮೇಲೆ 2,000. ಇದರಲ್ಲಿ ಎರಡು ಎಚ್ಚರ ಬೇಕು. ಬೋಸ್ನಿಯಾದ ವಾಸದ ಪರವಾನಗಿ ಹಳೆಯ ಪಾಸ್‌ಪೋರ್ಟಿನಲ್ಲೇ ಅಂಟಿಸಿದ್ದರೆ ರದ್ದು ಮಾಡುವಾಗ ಆ ಪುಟ ಕತ್ತರಿಸದಂತೆ ಕೌಂಟರಿನಲ್ಲೇ ಹೇಳಬೇಕು, ವಾಪಸ್ ಹೋಗುವಾಗ ಎರಡೂ ಪುಸ್ತಕ ಕೈಯಲ್ಲಿರಬೇಕು. ಎರಡನೆಯದು ಪೊಲೀಸ್ ಪರಿಶೀಲನೆ. ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಪೊಲೀಸರು ಬಂದಾಗ ಅರ್ಜಿದಾರ ಊರಲ್ಲಿಲ್ಲ ಎಂದಾದರೆ ವರದಿ ಅಪೂರ್ಣವಾಗಿ ಹೋಗುತ್ತದೆ, ಆಮೇಲೆ ಕೋರಮಂಗಲದ ಪ್ರಾದೇಶಿಕ ಕಚೇರಿಯಿಂದ ನೋಟಿಸ್ ಬರುತ್ತದೆ. ಪರಿಶೀಲನೆ ಮುಗಿಸಿಕೊಂಡೇ ವಿಮಾನ ಹತ್ತುವಂತೆ ಟಿಕೆಟ್ ಮಾಡಿಸಿ.

ಅವನು ಬರುವುದಾದರೆ ಜಿಪಿಎ ಇಲ್ಲೇ ಬರೆದು ನೋಂದಾಯಿಸಬಹುದು, ಅಲ್ಲಿನ ಓಡಾಟ ಪೂರ್ತಿ ತಪ್ಪುತ್ತದೆ.

---

ಹನುಮಂತನಗರ_ವಕೀಲ ಉತ್ತರ:

ಜಿಪಿಎ ಬಗ್ಗೆ ಹೇಳುತ್ತೇನೆ. "ರಾಯಭಾರ ಕಚೇರಿಯ ಮುದ್ರೆ ಇಲ್ಲದಿದ್ದರೆ ಸಬ್‌ರಿಜಿಸ್ಟ್ರಾರ್ ಒಪ್ಪಲ್ಲ" ಎಂಬ ಮಾತು ಎಲ್ಲೆಡೆ ಇದೆ. ಕಾನೂನು ಹಾಗೆ ಹೇಳುವುದಿಲ್ಲ. 1908ರ ನೋಂದಣಿ ಕಾಯ್ದೆಯ 33(1)(ಸಿ) ಕಲಂ ಓದಿ. ಅಧಿಕಾರ ಕೊಡುವವರು ಭಾರತದ ಹೊರಗೆ ವಾಸವಿದ್ದರೆ ನೋಟರಿ ಪಬ್ಲಿಕ್, ಯಾವುದೇ ನ್ಯಾಯಾಲಯ, ನ್ಯಾಯಾಧೀಶ, ಮ್ಯಾಜಿಸ್ಟ್ರೇಟ್, ಭಾರತದ ಕಾನ್ಸುಲ್ ಅಥವಾ ವೈಸ್ ಕಾನ್ಸುಲ್, ಕೇಂದ್ರ ಸರ್ಕಾರದ ಪ್ರತಿನಿಧಿ, ಇವರಲ್ಲಿ ಯಾರ ಮುಂದೆ ಸಹಿ ಮಾಡಿ ದೃಢೀಕರಿಸಿದರೂ ಸಾಕು. ಭಾರತೀಯ ಸಾಕ್ಷ್ಯ ಅಧಿನಿಯಮದ 84ನೇ ಕಲಮಿನಲ್ಲಿ, ಅಂದರೆ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 85 ಆಗಿದ್ದದ್ದರಲ್ಲಿ, ಬರುವ ಪಟ್ಟಿಯೂ ಹೆಚ್ಚು ಕಡಿಮೆ ಇದೇ.

ಹಾಗಾಗಿ ಸರಾಯೆವೊದ ನೋಟರಿ ಸಾಕು. ಆದರೆ ಇಲ್ಲೊಂದು ಕಡೆ ಎಡವುತ್ತಾರೆ. ಬೋಸ್ನಿಯಾದಲ್ಲಿ ಸಹಿ ದೃಢೀಕರಣವನ್ನು ನೋಟರಿಯೂ ಮಾಡುತ್ತಾರೆ, ಪುರಸಭೆಯ ಕೌಂಟರಿನಲ್ಲೂ ಮಾಡಿಕೊಡುತ್ತಾರೆ. ಪುರಸಭೆಯದು ಸುಲಭ ಎಂದು ಅಲ್ಲಿಗೆ ಹೋದರೆ ಕೆಲಸ ಕೆಟ್ಟಿತು. ಪುರಸಭೆಯ ಗುಮಾಸ್ತರು 33ನೇ ಕಲಮಿನ ಪಟ್ಟಿಯಲ್ಲಿ ಇಲ್ಲ. ನೋಟರಿಯೇ ಆಗಬೇಕು, ಅಥವಾ ನ್ಯಾಯಾಲಯ.

ನೋಟರಿ ಮುದ್ರೆಯ ಮೇಲೆ ಅಪಾಸ್ಟಿಲ್ (ಆ ಸಹಿ, ಮುದ್ರೆ ನಿಜವೆಂದು ಆ ದೇಶದ ಅಧಿಕೃತ ಕಚೇರಿ ಕೊಡುವ ದೃಢೀಕರಣ) ಹಾಕಿಸಿ. 1961ರ ಹೇಗ್ ಒಪ್ಪಂದಕ್ಕೆ ಬೋಸ್ನಿಯಾ ಸೇರಿದೆ, ಭಾರತದಲ್ಲಿ ಅದು 2005ರ ಜುಲೈ 14ರಿಂದ ಜಾರಿಯಲ್ಲಿದೆ. ಅಪಾಸ್ಟಿಲ್ ಇದ್ದರೆ ಆ ನೋಟರಿ ಯಾರು, ಮುದ್ರೆ ನಿಜವಾ ಎಂಬ ತಕರಾರಿಗೆ ಜಾಗ ಉಳಿಯುವುದಿಲ್ಲ, ಮತ್ತೆ ನಮ್ಮ ರಾಯಭಾರ ಕಚೇರಿಯಿಂದ ದೃಢೀಕರಣವೂ ಬೇಕಿಲ್ಲ. ಕೆಲವು ವಕೀಲರು ನೋಟರಿ ಕಾಯ್ದೆಯ 14ನೇ ಕಲಂ ಎತ್ತಿ ಪರಸ್ಪರ ಮಾನ್ಯತೆಯ ಪ್ರಶ್ನೆ ಕೇಳುತ್ತಾರೆ, ಬರೀ ನೋಟರಿ ಮುದ್ರೆಯಲ್ಲಿ ನಿಲ್ಲಬೇಡಿ ಎನ್ನುವುದು ಅದಕ್ಕೇ. ಯಾವ ಕಚೇರಿ ಅಪಾಸ್ಟಿಲ್ ಕೊಡುತ್ತದೆ ಎಂಬುದನ್ನು ಆ ನೋಟರಿಯನ್ನೇ ಕೇಳಿದರೆ ಹೇಳುತ್ತಾರೆ, ಹೇಗ್ ಸಮ್ಮೇಳನದ ಜಾಲತಾಣದಲ್ಲೂ ದೇಶವಾರು ಪಟ್ಟಿ ಇದೆ.

ಅಲ್ಲಿನ ನೋಟರಿಗಳು ಪೂರ್ತಿ ದಸ್ತಾವೇಜನ್ನು ತಮ್ಮ ಭಾಷೆಯಲ್ಲೇ ಬರೆದುಕೊಡಲು ಮುಂದಾಗುತ್ತಾರೆ. ಅದು ಬೇಡ. ಕರಡು ಇಲ್ಲಿ ಇಂಗ್ಲಿಷಿನಲ್ಲಿ ಮಾಡಿಸಿ ಕಳಿಸಿ, ಸಹಿಯ ದೃಢೀಕರಣ ಮಾತ್ರ ಕೇಳಲಿ. ತಮ್ಮನಿಗೆ ಸ್ಥಳೀಯ ಭಾಷೆ ಬರದಿದ್ದರೆ ನ್ಯಾಯಾಲಯದ ನೋಂದಾಯಿತ ಅನುವಾದಕರನ್ನು ಕರೆಸಲು ಹೇಳುತ್ತಾರೆ. ಅದೇ ಅನುವಾದಕರಿಂದ ನೋಟರಿಯ ದೃಢೀಕರಣದ ಸಾಲುಗಳಿಗೂ ಇಂಗ್ಲಿಷ್ ಅನುವಾದ ಮಾಡಿಸಿ ಜೊತೆಗೆ ಹೊಲಿಸಿಕೊಳ್ಳಿ. ಇಲ್ಲದಿದ್ದರೆ ಇಲ್ಲಿನ ಕೌಂಟರಿನಲ್ಲಿ ಅದನ್ನು ಯಾರೂ ಓದಲಾರರು.

ಕರಡಿನಲ್ಲಿ ಸೈಟಿನ ಪೂರ್ತಿ ಷೆಡ್ಯೂಲ್ ಇರಲಿ: ಇ-ಖಾತೆಯ ಸಂಖ್ಯೆ, ಅಳತೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ. ಇ-ಖಾತೆಯಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಎಲ್ಲ ಆಸ್ತಿಗೂ ಅನ್ವಯಿಸುವ ಸಾಮಾನ್ಯ ಅಧಿಕಾರ ಪತ್ರಕ್ಕಿಂತ ಈ ಒಂದು ಸೈಟಿಗೆ ಸೀಮಿತವಾದ ವಿಶೇಷ ಅಧಿಕಾರ ಪತ್ರ ಇಬ್ಬರಿಗೂ ಕ್ಷೇಮ. ಮಾರಾಟ ಕರಾರಿಗೆ ಸಹಿ, ಕ್ರಯಪತ್ರಕ್ಕೆ ಸಹಿ, ಸಬ್‌ರಿಜಿಸ್ಟ್ರಾರ್ ಮುಂದೆ ಹಾಜರಾತಿ, ಖಾತೆ ವರ್ಗಾವಣೆ ಅರ್ಜಿ, ಟಿಡಿಎಸ್ (ಖರೀದಿದಾರರು ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಾಗದಗಳು, ಒಂದೊಂದನ್ನೂ ಬಿಡಿಸಿ ಬರೆಯಿರಿ. ತಮ್ಮನ ಪಾಲಿನ ಹಣ ಅವನ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ಜಮಾ ಆಗಬೇಕು ಎಂದೂ ಬರೆಯಿರಿ. ಪ್ರತಿ ಪುಟದಲ್ಲೂ ಸಹಿ, ಇಬ್ಬರ ಫೋಟೊ, ಎರಡು ಸಾಕ್ಷಿ, ಎಡ ಹೆಬ್ಬೆಟ್ಟು. ಪಾಸ್‌ಪೋರ್ಟ್ ಸಂಖ್ಯೆಯ ವಿಷಯದಲ್ಲಿ ಎಚ್ಚರ: ಜಿಪಿಎ ಹಳೆಯ ಸಂಖ್ಯೆಯಲ್ಲಿ ಆಗಿ ಕ್ರಯಪತ್ರದ ಹೊತ್ತಿಗೆ ಹೊಸ ಪಾಸ್‌ಪೋರ್ಟ್ ಬಂದಿದ್ದರೆ ಎರಡರ ನಕಲೂ ಒಟ್ಟಿಗೆ ಕೊಡಬೇಕಾಗುತ್ತದೆ. ಹೊಸ ಪುಸ್ತಕದಲ್ಲಿ ಹಳೆಯ ಸಂಖ್ಯೆ ನಮೂದಾಗಿರುತ್ತದೆ, ಆ ಪುಟವನ್ನೂ ಸೇರಿಸಿ.

ಅಪಾಸ್ಟಿಲ್ ಹಾಳೆಯನ್ನು ದಾರ ಅಥವಾ ಸ್ಟೇಪಲ್‌ನಿಂದ ಜಿಪಿಎಗೆ ಬಿಗಿದು ಮುದ್ರೆ ಒತ್ತಿರುತ್ತಾರೆ. ಝೆರಾಕ್ಸ್ ಚೆನ್ನಾಗಿ ಬರಲಿ ಅಂತ ಅದನ್ನು ಬಿಚ್ಚಿದರೆ ದಾಖಲೆ ಕೆಟ್ಟ ಹಾಗೇ. ಮಡಚಿದ ಸ್ಥಿತಿಯಲ್ಲೇ ಸ್ಕ್ಯಾನ್ ಮಾಡಿ.

ಬೆಂಗಳೂರಿಗೆ ಬಂದ ಮೇಲೆ ಮುದ್ರಾಂಕ ಶುಲ್ಕ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 18ನೇ ಕಲಂ ಪ್ರಕಾರ ರಾಜ್ಯದ ಹೊರಗೆ ಸಹಿಯಾದ ಪತ್ರ ಮೊದಲ ಸಲ ಇಲ್ಲಿ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ಶುಲ್ಕ ಕಟ್ಟಬೇಕು. ಕೈಸೇರಿದ ದಿನಕ್ಕೆ ಪುರಾವೆ ಕೊರಿಯರ್ ಕವರ್, ಎಸೆಯಬೇಡಿ. ಕವರ್ ಮೇಲಿನ ಬಾರ್‌ಕೋಡ್ ಚೀಟಿ, ಟ್ರ್ಯಾಕಿಂಗ್ ಪುಟದ ಪ್ರಿಂಟ್, ಎರಡನ್ನೂ ಜಿಪಿಎ ಜೊತೆ ಒಂದೇ ಫೈಲಿನಲ್ಲಿಡಿ. ಬೆಂಗಳೂರಿನಲ್ಲಿ ಬಸವನಗುಡಿ, ಜಯನಗರ, ಗಾಂಧಿನಗರ, ರಾಜಾಜಿನಗರ, ಶಿವಾಜಿನಗರ ಎಂದು ಐದು ನೋಂದಣಿ ಜಿಲ್ಲೆಗಳಿವೆ. ಸೈಟ್ ಯಾವುದಕ್ಕೆ ಸೇರುತ್ತದೋ ಆ ಜಿಲ್ಲಾ ನೋಂದಣಾಧಿಕಾರಿಯ ಕಚೇರಿಯಲ್ಲಿ ಶುಲ್ಕ ನಿರ್ಣಯಕ್ಕೆ ಅರ್ಜಿ ಕೊಡಿ. ಶುಲ್ಕ ಕಟ್ಟಿದ ಮೇಲೆ ಮೂಲ ಪತ್ರದ ಮೇಲೇ ಷರಾ ಬರೆದುಕೊಡುತ್ತಾರೆ.

ನೀವು ಅಕ್ಕ ಆಗಿರುವುದು ಇಲ್ಲಿ ಅನುಕೂಲ. ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು ಇವರನ್ನು ಬಿಟ್ಟು ಬೇರೆಯವರಿಗೆ ಮಾರುವ ಅಧಿಕಾರ ಕೊಟ್ಟರೆ ಆಸ್ತಿಯ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಬೀಳುತ್ತದೆ. ನಿಮ್ಮ ಯಜಮಾನರ ಹೆಸರಿಗೆ ಬರೆಸುವ ಯೋಚನೆ ಇದ್ದರೆ ಬೇಡ, ಭಾವ ಆ ಪಟ್ಟಿಯಲ್ಲಿ ಬರುವುದಿಲ್ಲ. ಸಂಬಂಧವನ್ನು ಪತ್ರದಲ್ಲೇ ಬರೆದು, ಇಬ್ಬರ ತಂದೆಯ ಹೆಸರು ಹೊಂದುವ ದಾಖಲೆ ಕೊಡಿ.

ಖರೀದಿದಾರರು ಬ್ಯಾಂಕ್ ಸಾಲ ತೆಗೆಯುವುದಾದರೆ ಆ ಬ್ಯಾಂಕಿನ ಪ್ಯಾನೆಲ್ ವಕೀಲರಿಗೆ ಕರಡನ್ನು ಸಹಿಗೆ ಮೊದಲೇ ತೋರಿಸಿ. ಸಬ್‌ರಿಜಿಸ್ಟ್ರಾರ್ ಒಪ್ಪಿದರೂ ಬ್ಯಾಂಕಿನವರು ಕಾನ್ಸುಲ್ ಮುದ್ರೆಯೇ ಬೇಕು ಎಂದು ಕೂರುವುದುಂಟು. ಅದು ಮೊದಲೇ ಗೊತ್ತಾದರೆ ತಮ್ಮ ಬುಡಾಪೆಸ್ಟಿಗೆ ಹೋದಾಗ ಅಲ್ಲೇ ಸಹಿ ಹಾಕಬಹುದು. 1948ರ ರಾಜತಾಂತ್ರಿಕ ಮತ್ತು ಕಾನ್ಸುಲರ್ ಅಧಿಕಾರಿಗಳ ಕಾಯ್ದೆಯಡಿ ಅವರಿಗೆ ನೋಟರಿ ಅಧಿಕಾರ ಇದೆ.

ಟಿಡಿಎಸ್ ಒಂದು ಮಾತು: ನಿಮ್ಮ ಪಾಲಿಗೆ ನಿವಾಸಿಯ ದರ, ತಮ್ಮನ ಪಾಲಿಗೆ ಅನಿವಾಸಿಯ ದರ. ಇಡೀ ಮೊತ್ತಕ್ಕೆ 1% ಹಿಡಿದು ಮುಗಿಸಿದರೆ ಖರೀದಿದಾರರಿಗೆ ನೋಟಿಸ್ ಬರುತ್ತದೆ. ಕಡಿಮೆ ದರದ ಪ್ರಮಾಣಪತ್ರಕ್ಕೆ ತಮ್ಮ ಮೊದಲೇ ಅರ್ಜಿ ಹಾಕಲಿ.

---

ಅಂಚೆ_ಲಕೋಟೆ ಉತ್ತರ:

ಮಗುವಿನ ವಿಷಯ. ಬೋಸ್ನಿಯಾ ಅಲ್ಲಿ ಹುಟ್ಟಿದ ಮಾತ್ರಕ್ಕೆ ವಿದೇಶಿಯರ ಮಕ್ಕಳಿಗೆ ಪೌರತ್ವ ಕೊಡುವುದಿಲ್ಲ. ಭಾರತದ ಪೌರತ್ವ ಕಾಯ್ದೆಯ 4ನೇ ಕಲಂ ಪ್ರಕಾರ 2004ರ ಡಿಸೆಂಬರ್ 3ರ ನಂತರ ಹೊರಗೆ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ನಮ್ಮ ಕಾನ್ಸುಲೇಟಿನಲ್ಲಿ ನೋಂದಾಯಿಸಲೇಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಫೈಲ್ ದೆಹಲಿಗೆ ಹೋಗುತ್ತದೆ. ನಿಮಗೆ ಎಂಟು ತಿಂಗಳಿದೆ, ಆದರೆ ನೋಂದಣಿ ಆಗುವವರೆಗೆ ಮಗು ಎಲ್ಲಿಗೂ ಹೊರಡಲಾಗದು. ಕಾಯಬೇಡಿ.

ಪೌರತ್ವದ ಆನ್‌ಲೈನ್ ಪೋರ್ಟಲಿನಲ್ಲಿ ಫಾರ್ಮ್ 1 ತುಂಬಿ, ಪ್ರಿಂಟಿಗೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂಬ ಘೋಷಣೆ, ಇಬ್ಬರ ಪಾಸ್‌ಪೋರ್ಟ್, ಮದುವೆ ನೋಂದಣಿ ಪತ್ರ, ವಾಸದ ಪರವಾನಗಿ, ಮಗುವಿನ ಜನನ ಪತ್ರ ಜೊತೆಗಿರಬೇಕು. ಜನನ ಪತ್ರ ತೆಗೆಸುವಾಗ ಬಹುಭಾಷಾ ನಮೂನೆಯದನ್ನೇ ಕೇಳಿ, ಅದರಲ್ಲಿ ಇಂಗ್ಲಿಷೂ ಇರುತ್ತದೆ, ಅನುವಾದದ ಖರ್ಚು ಉಳಿಯುತ್ತದೆ. ಮೂರು ಪ್ರತಿ ತೆಗೆಸಿ.

ಹೆಸರು ಈಗಲೇ ನೋಡಿಕೊಳ್ಳಿ. ನಮ್ಮ ಕಡೆಯ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಕಾಲಂ ಖಾಲಿ, ಅಥವಾ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಸೇರಿರುತ್ತದೆ. ಅಲ್ಲಿನ ನೋಂದಣಿಯಲ್ಲಿ ಕುಲನಾಮ ಇರಲೇಬೇಕು ಎಂದು ಅಪ್ಪನ ಹೆಸರಿನ ಯಾವುದೋ ತುಂಡನ್ನು ಮಗುವಿಗೆ ಹಾಕಿಬಿಟ್ಟಿರುತ್ತಾರೆ. ಶ, ಚ ಬರುವ ಹೆಸರುಗಳಲ್ಲಿ ಅವರ ಅಕ್ಷರದ ಮೇಲೊಂದು ಗುರುತು ಇರುತ್ತದೆ, ನಮ್ಮ ಅರ್ಜಿಯಲ್ಲಿ ಆ ಅಕ್ಷರ ಇರುವುದಿಲ್ಲ. ಜನನ ಪತ್ರ, ಫಾರ್ಮ್ 1, ಪಾಸ್‌ಪೋರ್ಟ್ ಅರ್ಜಿ ಮೂರರಲ್ಲೂ ಒಂದೇ ಕಾಗುಣಿತ ಇರಲಿ. ತಪ್ಪಿದ್ದರೆ ಮೊದಲು ಅಲ್ಲಿನ ನೋಂದಣಿ ಕಚೇರಿಯಲ್ಲೇ ತಿದ್ದಿಸಬೇಕು, ಆಮೇಲೆ ಬುಡಾಪೆಸ್ಟ್.

ನೋಂದಣಿ ಮತ್ತು ಮಗುವಿನ ಪಾಸ್‌ಪೋರ್ಟ್ ಅರ್ಜಿ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಿ ಎಂದು ಕೇಳಿಕೊಳ್ಳಿ. ಪಾಸ್‌ಪೋರ್ಟಿಗೆ ಇಬ್ಬರೂ ಸಹಿ ಮಾಡಿದ ಅನೆಕ್ಸರ್ ಡಿ, ಅಂದರೆ ಅಪ್ಪ ಅಮ್ಮನ ಒಪ್ಪಿಗೆಯ ಘೋಷಣೆ, ಬೇಕು. ದಾಖಲೆ ಇಲ್ಲದ ಮಗು ಗಡಿ ದಾಟಲಾಗದು, ತಾಯಿ ಮಗುವನ್ನು ಬಿಟ್ಟು ಬರಲಾಗದು ಎಂದು ಬರೆದು ಇಬ್ಬರ ಖುದ್ದು ಹಾಜರಾತಿಗೂ ವಿನಾಯಿತಿ ಕೋರಬೇಕು. ಒಪ್ಪಿದರೆ ತಮ್ಮ ತನ್ನ ಕೆಲಸಕ್ಕೆ ಹೋದಾಗಲೇ ಮಗುವಿನ ಕಾಗದವನ್ನೂ ಕೊಟ್ಟು ಬರುತ್ತಾನೆ. ತಾಯಿಯ ಸಹಿಗಳನ್ನು ಸರಾಯೆವೊದ ನೋಟರಿ ಮುಂದೆ ಮಾಡಿಸಿಟ್ಟುಕೊಳ್ಳಲಿ.

ಕೊರಿಯರ್ ಮಾಡುವುದಾದರೆ ವಾಪಸ್ ಕಳಿಸುವ ಕೊರಿಯರಿಗೂ ಮೊದಲೇ ಹಣ ಕಟ್ಟಿ ಆ ಚೀಟಿಯನ್ನು ಒಳಗಿಡಬೇಕು. ಹಂಗೇರಿಯಿಂದ ಬೋಸ್ನಿಯಾಕ್ಕೆ ಬರುವಾಗ ಐರೋಪ್ಯ ಒಕ್ಕೂಟದ ಗಡಿ ದಾಟುವುದರಿಂದ ಸುಂಕದ ಫಾರ್ಮ್ ಕೇಳುತ್ತಾರೆ. ಎಲ್ಲ ಕೊರಿಯರಿನವರೂ ಪಾಸ್‌ಪೋರ್ಟ್ ಒಯ್ಯುವುದಿಲ್ಲ, ಮೊದಲೇ ಕೇಳಿ. ಮೂಲ ಪಾಸ್‌ಪೋರ್ಟ್ ಅಂಚೆಯಲ್ಲಿರುವಷ್ಟು ದಿನ ನೋಟರಿ ದೃಢೀಕರಿಸಿದ ನಕಲು ಮತ್ತು ಕೊರಿಯರ್ ರಸೀದಿ ಜೇಬಿನಲ್ಲಿರಲಿ. ಶುಲ್ಕವನ್ನು ಬ್ಯಾಂಕಿನಿಂದ ವರ್ಗಾಯಿಸುವಾಗ ವಿವರದ ಜಾಗದಲ್ಲಿ ಅರ್ಜಿ ಸಂಖ್ಯೆ ಬರೆಯದಿದ್ದರೆ ಹಣ ಯಾರದೆಂದು ತಿಳಿಯದೆ ಫೈಲ್ ನಿಲ್ಲುತ್ತದೆ. ಬ್ಯಾಂಕ್ ಕಮಿಷನ್ ಕಳೆದು ಕಡಿಮೆ ಮೊತ್ತ ತಲುಪಿದರೂ ಅದೇ ಗತಿ. ಎಲ್ಲ ಖರ್ಚೂ ಕಳಿಸುವವರದೇ ಎಂದು ಆರಿಸಿ.

ಮಗು ಹುಟ್ಟಿದ್ದನ್ನು ಅಲ್ಲಿನ ವಿದೇಶಿಯರ ವ್ಯವಹಾರಗಳ ಕಚೇರಿಗೂ ತಿಳಿಸಿ, ಭಾರತದ ನೋಂದಣಿ ನಡೆಯುತ್ತಿದೆ ಎಂಬ ಇಮೇಲ್ ತೋರಿಸಲಿ.

---

ಸುಮಾ_ವಿಜಯನಗರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಿಪಿಎ ಯಜಮಾನರ ಹೆಸರಿಗೇ ಬರೆಸುವ ಮಾತು ಮನೆಯಲ್ಲಿ ನಡೆದಿತ್ತು, ಈಗ ನನ್ನ ಹೆಸರಿಗೇ ಬರೆಸುತ್ತೇವೆ. ಒಂದು ವೇಳೆ ಷೆಂಗೆನ್ ವೀಸಾ ಸಿಗದೆ ಪಾಸ್‌ಪೋರ್ಟ್ ಮುಗಿದೇ ಹೋದರೆ?

---

ಬಸವನಗುಡಿ_ದಾಖಲೆ ಉತ್ತರ:

ಆಗ ಎಮರ್ಜೆನ್ಸಿ ಸರ್ಟಿಫಿಕೇಟ್. ಭಾರತಕ್ಕೆ ಒಂದೇ ಸಲ, ಒಂದೇ ಕಡೆಯ ಪ್ರಯಾಣಕ್ಕೆ ಮಿಷನ್ ಕೊಡುವ ಪತ್ರ. ಕೊನೆಯ ಉಪಾಯವಾಗಿ ಮಾತ್ರ ಯೋಚಿಸಿ, ಯಾಕೆಂದರೆ ಅದರಲ್ಲಿ ಬಂದವರು ಇಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು, ಬೋಸ್ನಿಯಾಕ್ಕೆ ವಾಪಸ್ ಹೋಗುವ ಅನುಮತಿಯನ್ನು ಮತ್ತೆ ನೋಡಿಕೊಳ್ಳಬೇಕು. ಮಗುವಿಗೂ ಕೊಡುತ್ತಾರೆ, ಆದರೆ ಮೊದಲು 4ನೇ ಕಲಮಿನ ನೋಂದಣಿ ಮಾಡಿಸಿಕೊಂಡೇ ಹೊರಡಿ. ಇಲ್ಲಿಗೆ ಬಂದ ಮೇಲೆ ಅದನ್ನು ಮಾಡಿಸುವುದು ಕಷ್ಟ. ಜನನ ಮರಣ ನೋಂದಣಿ ಕಾಯ್ದೆಯ 20ನೇ ಕಲಮಿನಲ್ಲಿ ಭಾರತದಲ್ಲಿ ನೆಲೆಸಲು ಬಂದವರು 60 ದಿನದೊಳಗೆ ಮಗುವಿನ ಜನನ ನೋಂದಾಯಿಸಬಹುದು ಎಂದಿದೆ, ಅದು ಪೌರತ್ವದ ನೋಂದಣಿಗೆ ಬದಲಿಯಲ್ಲ.

ಟಿಕೆಟ್ ಮಾಡಿಸುವಾಗ ಒಂದೇ ಪಿಎನ್‌ಆರ್, ಮಧ್ಯೆ ಒಂದೇ ನಿಲ್ದಾಣ, ಬ್ಯಾಗ್ ನೇರ ಭಾರತಕ್ಕೆ ಚೆಕ್‌ಇನ್ ಆಗುವಂತಿರಲಿ. ಮಧ್ಯದ ದೇಶದಲ್ಲಿ ಇಮಿಗ್ರೇಷನ್ ದಾಟಿ ಹೊರಗೆ ಬರಬೇಕಾದ ಟಿಕೆಟ್ ಆದರೆ ಈ ಪತ್ರದ ಮೇಲೆ ಬಿಡದೇ ಇರಬಹುದು. ಹೊರಡುವ ಮುಂಚೆ ವಿಮಾನ ಕಂಪನಿಗೆ ಪತ್ರದ ಸ್ಕ್ಯಾನ್ ಕಳಿಸಿ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಮಿಷನ್‌ನಿಂದ ಉತ್ತರವೇ ಬಾರದಿದ್ದರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ದೂರು ದಾಖಲಿಸಿ. 2015ರಲ್ಲಿ ಶುರುವಾದದ್ದು, ಕುಟುಂಬದವರು ಬೆಂಗಳೂರಿನಿಂದಲೇ ಹಾಕಬಹುದು. ಹಳೆಯ ಇಮೇಲುಗಳನ್ನು ದಿನಾಂಕದ ಸಮೇತ ಲಗತ್ತಿಸಿ.

---

ಜೆಪಿನಗರ_ಪ್ರಕಾಶ:

ಇದೇ ಥರದ್ದು. ಚಿಕ್ಕಪ್ಪನವರು ಮಗಳ ಜೊತೆ ಲೆಸೊಥೊದಲ್ಲಿದ್ದಾರೆ, ನವೆಂಬರಿನಲ್ಲಿ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಬೇಕು. ಪ್ರಿಟೋರಿಯಾಗೆ ಹೋಗಲೇಬೇಕಾ? ಇನ್ನೊಂದು, ವಯಸ್ಸಾದವರು, ಏನಾದರೂ ಹೆಚ್ಚುಕಮ್ಮಿ ಆದರೆ ಯಾರನ್ನು ಕೇಳುವುದು?

---

ಅಂಚೆ_ಲಕೋಟೆ ಉತ್ತರ:

ಪ್ರಕಾಶ್ ಅವರೇ, ಹೋಗಬೇಕಿಲ್ಲ. ಚಿಕ್ಕಪ್ಪನವರ ಆಧಾರ್ ಇದ್ದು ಪಿಂಚಣಿ ಖಾತೆಗೆ ಜೋಡಣೆ ಆಗಿದ್ದರೆ ಜೀವನ್ ಪ್ರಮಾಣ್ ಆ್ಯಪಿನಲ್ಲಿ ಮುಖ ತೋರಿಸಿ ಅಲ್ಲಿಂದಲೇ ಮಾಡಬಹುದು. ಬೆಳಕು ಎದುರಿನಿಂದ ಬೀಳಲಿ, ಕನ್ನಡಕ ತೆಗೆಯಲಿ. ಆಗದಿದ್ದರೆ ಪಿಂಚಣಿ ಬ್ಯಾಂಕಿನ ನಮೂನೆಯನ್ನೇ ಪ್ರಿಂಟ್ ತೆಗೆದು ಅಲ್ಲಿನ ನೋಟರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಸಹಿ ಮಾಡಲಿ. ಯಾರ ಸಹಿ ಒಪ್ಪುತ್ತೀರಿ ಎಂದು ಬ್ಯಾಂಕಿನ ಪಿಂಚಣಿ ವಿಭಾಗದಿಂದ ಮೊದಲೇ ಇಮೇಲಿನಲ್ಲಿ ಕೇಳಿ.

ತುರ್ತಿಗೆ ಪ್ರಿಟೋರಿಯಾದ ಹೈಕಮಿಷನ್ನಿನ ತುರ್ತು ಸಂಖ್ಯೆ, ಲೆಸೊಥೊದ ಒಬ್ಬ ಸ್ಥಳೀಯ ವೈದ್ಯರ ಸಂಖ್ಯೆ, ಪಾಸ್‌ಪೋರ್ಟಿನ ಸ್ಕ್ಯಾನ್, ಎಲ್ಲ ಬೆಂಗಳೂರಿನ ಮನೆಯಲ್ಲೂ ಇರಲಿ. ಸಾವು ಸಂಭವಿಸಿದರೆ ಅಲ್ಲಿನ ಮರಣ ಪತ್ರ, ಸಾವಿನ ಕಾರಣ, ಎಂಬಾಮಿಂಗ್ ಪತ್ರ, ಹೈಕಮಿಷನ್ನಿನ ನಿರಾಕ್ಷೇಪಣಾ ಪತ್ರ ಮತ್ತು ರದ್ದಾದ ಪಾಸ್‌ಪೋರ್ಟ್ ಬೇಕಾಗುತ್ತವೆ. ಇವನ್ನು ಇಮೇಲ್ ಮತ್ತು ಕೊರಿಯರಿನಲ್ಲೇ ಮಾಡಿಕೊಡಲು ಕೇಳಬಹುದು. ಇಲ್ಲಿನ ವಿಮಾನ ನಿಲ್ದಾಣದ ಆರೋಗ್ಯ ಅನುಮತಿಗೆ 2023ರಿಂದ ಇ-ಕೇರ್ ಪೋರ್ಟಲ್ ಇದೆ. ಕುಟುಂಬಕ್ಕೆ ಶಕ್ತಿ ಇಲ್ಲದಿದ್ದರೆ ಮಿಷನ್ನಿನ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಸಾಗಣೆಗೆ ನೆರವು ಕೋರಬಹುದು. ಅದಕ್ಕೆ ಕುಟುಂಬದವರ ಲಿಖಿತ ಅರ್ಜಿ ಬೇಕು.

---

ಸುಮಾ_ವಿಜಯನಗರ:

ವಕೀಲರೇ, ಕೊನೆಯದಾಗಿ ಒಂದು. ಅಪಾಸ್ಟಿಲ್ ಇದ್ದೂ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗಲ್ಲ ಅಂದರೆ?

---

ಹನುಮಂತನಗರ_ವಕೀಲ ಉತ್ತರ:

ಕ್ರಯಪತ್ರದ ದಿನ ಹೋಗಿ ವಾದ ಮಾಡುವ ಸ್ಥಿತಿ ತಂದುಕೊಳ್ಳಬೇಡಿ. ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಕಾವೇರಿ 2.0ರಲ್ಲಿ ಕ್ರಯಪತ್ರದ ಕರಡು ಅಪ್‌ಲೋಡ್ ಮಾಡುವಾಗಲೇ ಜಿಪಿಎ, ಅಪಾಸ್ಟಿಲ್, ಅನುವಾದ, ಶುಲ್ಕ ನಿರ್ಣಯದ ಷರಾ ಎಲ್ಲ ಒಂದೇ ಫೈಲಾಗಿ ಹಾಕಿ. ಆಕ್ಷೇಪಣೆ ಇದ್ದರೆ ಆಗಲೇ ವಾಪಸ್ ಬರುತ್ತದೆ. ಅಧಿಕಾರ ಕೊಟ್ಟವರು ಬದುಕಿದ್ದಾರೆ, ಜಿಪಿಎ ರದ್ದಾಗಿಲ್ಲ ಎಂಬ ನಿಮ್ಮ ಅಫಿಡವಿಟ್ ಕೂಡ ಸಿದ್ಧವಿರಲಿ, ಅದನ್ನು ಕೇಳುತ್ತಾರೆ.

ಆದರೂ ಬಾಯಿಮಾತಿನಲ್ಲಿ ಆಗಲ್ಲ ಎಂದರೆ 33(1)(ಸಿ) ಕಲಮಿನ ಪ್ರತಿ ಮುಂದಿಡಿ. 33ನೇ ಕಲಮಿನಲ್ಲೇ ಮುಂದೆ, ಮೇಲ್ನೋಟಕ್ಕೆ ಹೀಗೆ ದೃಢೀಕರಣವಾದ ಪತ್ರವನ್ನು ಹಾಜರುಪಡಿಸಿದರೆ ಹೆಚ್ಚಿನ ಪುರಾವೆ ಬೇಕಿಲ್ಲ ಎಂದೂ ಇದೆ. ಅದಕ್ಕೂ ಬಗ್ಗದಿದ್ದರೆ ನಿರಾಕರಣೆಯನ್ನು ಬರಹದಲ್ಲಿ ಕೇಳಿ. 71ನೇ ಕಲಂ ಪ್ರಕಾರ ನಿರಾಕರಿಸುವ ಅಧಿಕಾರಿ ಕಾರಣವನ್ನು 2ನೇ ಪುಸ್ತಕದಲ್ಲಿ ದಾಖಲಿಸಬೇಕು, ಪ್ರತಿ ಕೇಳಿದರೆ ಪುಕ್ಕಟೆಯಾಗಿ ಕೊಡಬೇಕು. ಆ ಆದೇಶದ ಮೇಲೆ 72ನೇ ಕಲಮಿನಡಿ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ. ಶುಲ್ಕ ನಿರ್ಣಯ ಮಾಡಿ ಷರಾ ಬರೆದಿರುವುದೂ ಅದೇ ಕಚೇರಿ.